ಕೊಹಿಮಾದಲ್ಲಿ ಸಿಪಾಯಿಯ ರೇಷನ್

ನಾಗಾಲ್ಯಾಂಡಿನ ದಿಮಾಪುರ ರೈಲ್ವೆ ಸ್ಟೇಷನ್ನಿನ ಹೊರಗೆ ಕೊಹಿಮಾಕ್ಕೆ ಹೋಗುವ ಶೇರ್ ಸುಮೋಗಳು ಸಿಗುತ್ತವೆ. ಸೀಟೆಲ್ಲ ತುಂಬಿದ ಮೇಲೇ ಹೊರಡುವುದು. ದೂರ ಎಪ್ಪತ್ತು ಚಿಲ್ಲರೆ ಕಿಲೋಮೀಟರ್ ಅಷ್ಟೇ. ಆದರೆ ಅಲ್ಲಲ್ಲಿ ಗುಡ್ಡ ಜಾರಿ ಮಣ್ಣು ರಸ್ತೆಗೆ ಬಂದಿರುತ್ತದೆ. ಜೆಸಿಬಿ ಪಕ್ಕಕ್ಕೆ ಸರಿಯುವವರೆಗೆ ಸುಮ್ನೆ ಕೂತಿರಬೇಕು. ನನಗೇನೂ ಬೇಜಾರಾಗಲಿಲ್ಲ. ನಾನು ಹೊರಟಿದ್ದ ಕೊಹಿಮಾದ ಯುದ್ಧ ಸ್ಮಶಾನದ ಕಥೆ ಶುರುವಾಗುವುದೇ ಈ ರಸ್ತೆಯಿಂದ.

ಎರಡನೇ ಮಹಾಯುದ್ಧದ ಕಾಲ. 1944ರಲ್ಲಿ ಬರ್ಮಾ ಗಡಿಯ ಬ್ರಿಟಿಷ್ ಸೈನ್ಯಕ್ಕೆ ಬೇಕಾದ ಅಕ್ಕಿ, ಬೇಳೆ, ಗುಂಡು, ಪೆಟ್ರೋಲು ದಿಮಾಪುರಕ್ಕೆ ರೈಲಿನಲ್ಲಿ ಬರುತ್ತಿತ್ತು. ಅಲ್ಲಿಂದ ಲಾರಿಗಳು ಕೊಹಿಮಾ ದಾಟಿ ಇಂಫಾಲಕ್ಕೆ ಹೋಗುತ್ತಿದ್ದವು. ಲಾರಿ ಓಡಾಡುವಂಥ ಒಳ್ಳೆಯ ದಾರಿ ಇದೊಂದೇ. ಈ ದಾರಿ ಕಡಿದರೆ ಇಂಫಾಲದಲ್ಲಿದ್ದ ಸೈನ್ಯ ಹಸಿವಿನಿಂದಲೇ ಸೋಲುತ್ತದೆ ಎಂಬುದು ಜಪಾನಿನ ಲೆಕ್ಕ. ಅವರ 31ನೇ ಡಿವಿಷನ್ ಕಾಡು, ಬೆಟ್ಟ ದಾಟಿಕೊಂಡು ಏಪ್ರಿಲ್ ಮೊದಲ ವಾರ ಕೊಹಿಮಾಕ್ಕೆ ಬಂದೇ ಬಿಟ್ಟಿತು.

ಆಗ ಊರಿನಲ್ಲಿ ಇದ್ದವರು ಯಾರು? ಸುಮಾರು 2,500 ಜನ. ಅವರಲ್ಲಿ ಸಾವಿರದಷ್ಟು ಮಂದಿ ಹೋರಾಡುವವರೇ ಅಲ್ಲ. ಗುಮಾಸ್ತರು, ಅಡುಗೆಯವರು, ಸಾಮಾನು ಸಾಗಿಸುವವರು ಇಂಥವರು. ಬೆಟ್ಟದ ಸಾಲಿನ ಒಂದೊಂದು ಗುಡ್ಡಕ್ಕೂ ಸೈನ್ಯ ಇಟ್ಟ ಹೆಸರುಗಳು ಇವತ್ತಿಗೂ ನಕ್ಷೆಗಳಲ್ಲಿ ಕಾಣುತ್ತವೆ. ಜೈಲು ಇದ್ದದ್ದು ಜೈಲ್ ಹಿಲ್. ಸಾಮಾನಿನ ಡಿಪೋ ಇದ್ದದ್ದು ಎಫ್‌ಎಸ್‌ಡಿ. ರೇಷನ್ ಹಂಚುವ ಜಾಗ ಡಿಐಎಸ್. ಹೆಸರು ಕೇಳಿದರೆ ರಣರಂಗ ಅನ್ನಿಸುವುದಿಲ್ಲ, ಅಲ್ವಾ? ನಮ್ಮೂರ ಸೊಸೈಟಿಯ ಗೋದಾಮು ನೆನಪಾಗುತ್ತದೆ. ಡಿಐಎಸ್ ಗುಡ್ಡದಲ್ಲಿ ಬ್ರೆಡ್ ಸುಡುವ ಇಟ್ಟಿಗೆ ಒಲೆಗಳಿದ್ದವು. ಜಪಾನಿ ಸಿಪಾಯಿಗಳು ಆ ಒಲೆಗಳೊಳಗೇ ಅಡಗಿ ಹೋರಾಡಿದರು.

ಯುದ್ಧ ಸ್ಮಶಾನ ಊರಿನ ನಟ್ಟನಡುವೆ ಇದೆ. ಗೇಟಿನ ಹೊರಗೆ ಟ್ಯಾಕ್ಸಿಗಳ ಹಾರ್ನು, ತರಕಾರಿ ಮಾರುವ ಹೆಂಗಸರು. ಒಳಗೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗುಡ್ಡ. ಒಂದೊಂದು ಮೆಟ್ಟಿಲಿನಲ್ಲೂ ಸಾಲು ಸಾಲು ಸಮಾಧಿಗಳು, ನಡುನಡುವೆ ಹೂಗಿಡ. ಒಟ್ಟು 1,420 ಸಮಾಧಿಗಳಿವೆ. ಬ್ರಿಟಿಷ್ ಸೈನಿಕರ ಫಲಕಗಳಲ್ಲಿ ಹೆಸರು, ದಳ, ವಯಸ್ಸು ಇರುತ್ತದೆ. ಎಷ್ಟೋ ಫಲಕಗಳಲ್ಲಿ ಕೊನೆಗೆ ಮನೆಯವರು ಬರೆಸಿದ ಒಂದು ಸಾಲೂ ಇದೆ. ವಯಸ್ಸು ಓದುತ್ತಾ ಹೋದೆ. ಇಪ್ಪತ್ತು ದಾಟಿದ್ದರೆ ಅದೇ ಜಾಸ್ತಿ ಅನ್ನಿಸತೊಡಗಿತು.

ನಡುವಿನ ಹಂತದಲ್ಲಿ ಟೆನಿಸ್ ಅಂಗಳ. ಇದು ಆಗಿನ ಡೆಪ್ಯುಟಿ ಕಮಿಷನರ್ ಬಂಗಲೆಯ ಅಂಗಳ. ಬಂಗಲೆ ಉಳಿದಿಲ್ಲ. ಅಂಗಳದ ಗೆರೆಗಳನ್ನು ಮಾತ್ರ ಬಿಳಿಯಾಗಿ ಗುರುತು ಮಾಡಿ ಇಟ್ಟಿದ್ದಾರೆ. ಈ ಕಡೆ ಒಂದು ಸೈನ್ಯ, ಆ ಕಡೆ ಇನ್ನೊಂದು. ನಡುವೆ ಇಷ್ಟೇ ಜಾಗ. ಕೈಬಾಂಬು ಎಸೆಯಲು ಜೋರಾದ ತೋಳೂ ಬೇಕಿರಲಿಲ್ಲ. ಮೇ ತಿಂಗಳಲ್ಲಿ ಒಂದು ಟ್ಯಾಂಕನ್ನು ಹೇಗೋ ಈ ಅಂಗಳಕ್ಕೆ ಇಳಿಸಿ, ಕೈಗೆಟಕುವಷ್ಟು ಹತ್ತಿರದಿಂದ ಜಪಾನಿ ಬಂಕರುಗಳನ್ನು ಒಡೆದ ಮೇಲೇ ಇಲ್ಲಿನ ಹೋರಾಟ ಮುಗಿದದ್ದು.

ಬಂದವರೆಲ್ಲ ಇಲ್ಲಿ ನಿಂತು ಫೋಟೊ ತೆಗೆಯುತ್ತಾರೆ. ನಾನೂ ತೆಗೆದೆ. ಆದರೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ನೀರಿನ ವಿಷಯ. ಮುತ್ತಿಗೆಯ ಶುರುವಿನಲ್ಲೇ ನೀರಿನ ಮೂಲ ಜಪಾನಿಯರ ಕೈಗೆ ಹೋಯಿತು. ತಲಾ ಅರ್ಧ ಲೀಟರೂ ಸಿಗದ ದಿನಗಳು ಬಂದವು. ಬಂಗಲೆಯ ಹಿಂದೆ ಒಂದು ಸಣ್ಣ ಒರತೆ ಸಿಕ್ಕಿತು. ರಾತ್ರಿ ಕತ್ತಲಲ್ಲಿ ತೆವಳಿಕೊಂಡು ಹೋಗಿ ತುಂಬಿಸಿಕೊಂಡು ಬರಬೇಕು. ವಿಮಾನದಿಂದ ಪ್ಯಾರಾಚೂಟಿನಲ್ಲಿ ನೀರು, ಮದ್ದುಗುಂಡು ಇಳಿಸಿದರೆ ಕೆಲವು ಹೋಗಿ ಬೀಳುತ್ತಿದ್ದದ್ದು ಶತ್ರುವಿನ ಕಡೆಗೆ. ಗಾಯಾಳುಗಳನ್ನು ತೆರೆದ ಕಂದಕಗಳಲ್ಲಿ ಮಲಗಿಸಿದ್ದರು. ಮಲಗಿದ್ದಲ್ಲೇ ಎರಡನೇ ಸಲ ಗಾಯವಾದವರೂ ಇದ್ದರು. ಶೌರ್ಯ ಪದಕದ ಕಥೆಗಳು ಇಲ್ಲಿ ಬೇಕಾದಷ್ಟಿವೆ. ನನಗೆ ಮಾತ್ರ ಆ ಬಾಟಲಿ ಹಿಡಿದು ತೆವಳಿದವನ ಧೈರ್ಯವೇ ದೊಡ್ಡದು ಅನ್ನಿಸಿತು.

ಸಿಪಾಯಿಯ ಶತ್ರು ಬರೀ ಜಪಾನಿ ಆಗಿರಲಿಲ್ಲ. 1943ರಲ್ಲಿ ಈ ಗಡಿಯಲ್ಲಿ ಗಾಯವಾಗಿ ಆಸ್ಪತ್ರೆಗೆ ಹೋಗುವ ಒಬ್ಬನಿಗೆ ಕಾಯಿಲೆಯಿಂದ ಹೋಗುವವರು 120 ಮಂದಿ ಎಂದು ಇಲ್ಲಿನ ಸೇನಾಪತಿ ಸ್ಲಿಮ್ ಬರೆದಿದ್ದಾರೆ. ಮಲೇರಿಯಾಕ್ಕೆ ದಿನಾ ಮೆಪಾಕ್ರಿನ್ ಮಾತ್ರೆ. ಅದನ್ನು ತಿಂದು ತಿಂದು ಮೈಯೇ ಹಳದಿಗೆ ತಿರುಗುತ್ತಿತ್ತು. ಇಷ್ಟೆಲ್ಲ ಇದ್ದೂ ಭಾರತದ ಸೈನ್ಯದಲ್ಲಿ ಒಬ್ಬರನ್ನೂ ಕಾನೂನು ಮಾಡಿ ಸೇರಿಸಿದ್ದಲ್ಲ. ಯುದ್ಧ ಮುಗಿಯುವ ಹೊತ್ತಿಗೆ 25 ಲಕ್ಷ ಜನ ತಾವಾಗಿಯೇ ಸೇರಿದ್ದರು. ಹೊಟ್ಟೆಪಾಡಿಗೆ ಸೇರಿದವರು ಅವರಲ್ಲಿ ಕಡಿಮೆಯೇನಿಲ್ಲ.

ಬದ್ಲುರಾಮನ ವಿಷಯ ಇಲ್ಲಿ ಹೇಳಲೇಬೇಕು. ಅಸ್ಸಾಂ ರೆಜಿಮೆಂಟ್ ಹುಟ್ಟಿದ್ದು 1941ರಲ್ಲಿ. ಅದರ ಮೊದಲ ಬೆಟಾಲಿಯನ್ ಕೊಹಿಮಾದ ಪೂರ್ವಕ್ಕಿರುವ ಜೆಸ್ಸಾಮಿ, ಖರಸೋಮ್‌ಗಳಲ್ಲಿ ಜಪಾನಿಯರನ್ನು ತಡೆದು, ಉಳಿದವರು ಇಲ್ಲಿಗೆ ಬಂದು ಮತ್ತೆ ಹೋರಾಡಿದರು. ಆ ರೆಜಿಮೆಂಟಿನ ರೈಫಲ್‌ಮನ್ ಬದ್ಲುರಾಮ್ ಈ ಯುದ್ಧದಲ್ಲಿ ಸತ್ತ. ರೇಷನ್ ಪಟ್ಟಿಯಿಂದ ಅವನ ಹೆಸರು ತೆಗೆಯಲೇ ಇಲ್ಲವಂತೆ. ಸತ್ತವನ ಪಾಲು ಬರುತ್ತಲೇ ಇತ್ತು. ಮುತ್ತಿಗೆ ಬಿದ್ದಾಗ ಕೂಡಿಟ್ಟ ಆ ಸಾಮಾನೇ ಹೊಟ್ಟೆಗಾಯಿತು ಎಂದು ರೆಜಿಮೆಂಟಿನವರು ಹೇಳುತ್ತಾರೆ. ಒಬ್ಬನ ಪಾಲಿನಲ್ಲಿ ಎಷ್ಟು ಜನ ಉಂಡಾರು ಎಂದು ಲೆಕ್ಕ ಹಾಕಿದರೆ ಕಥೆ ಸ್ವಲ್ಪ ಬೆಳೆದಿದೆ ಅನ್ನಿಸುತ್ತದೆ. ಇರಲಿ. ಅವನ ದೇಹ ಮಣ್ಣಿನಡಿ ಇದೆ, ರೇಷನ್ ನಮಗೆ ಸಿಗುತ್ತಿದೆ ಎಂದು ಅವರು ಇವತ್ತಿಗೂ ಕುಣಿದು ಹಾಡುತ್ತಾರೆ. 2019ರಲ್ಲಿ ಅಮೆರಿಕದ ಸೈನಿಕರೂ ಸೇರಿ ಕುಣಿದ ವಿಡಿಯೊ ಎಲ್ಲರ ಫೋನಿಗೂ ಬಂದಿತ್ತಲ್ಲ, ಅದೇ ಹಾಡು. ಸತ್ತ ಗೆಳೆಯನನ್ನು ನಗುತ್ತಾ ನೆನೆಯುವುದು ಮಿಲ್ಟ್ರಿಯವರಿಗೇ ಸಾಧ್ಯ.

ಮಾರನೆಯ ದಿನ ಕಿಸಾಮಾಕ್ಕೆ ಹೋದೆ. ಹಾರ್ನ್‌ಬಿಲ್ ಹಬ್ಬ ನಡೆಯುವ ಜಾಗ. ಅಲ್ಲೇ ಎರಡನೇ ಮಹಾಯುದ್ಧದ ಮ್ಯೂಸಿಯಂ ಇದೆ. ತುಕ್ಕು ಹಿಡಿದ ಹೆಲ್ಮೆಟ್, ಗುಂಡು, ನೀರಿನ ಬಾಟಲಿಗಳು. ಹತ್ತಿರದ ಕಿಗ್ವೆಮಾ ಊರಿಗೆ ಜಪಾನಿಯರು ಬಂದಿಳಿದದ್ದು 1944ರ ಏಪ್ರಿಲ್ 4ರಂದು. ಅವರ ಬೆನ್ನಿಗೆ ಇದ್ದದ್ದು ಮೂರು ವಾರದ ಆಹಾರ. ಆಮೇಲೆ ಕೊಹಿಮಾದ ಗೋದಾಮುಗಳನ್ನು ಹಿಡಿದು ತಿನ್ನಬೇಕು ಎಂಬ ಲೆಕ್ಕ. ಗೋದಾಮು ಪೂರ್ತಿ ಸಿಗಲಿಲ್ಲ, ಹಿಂದಿನಿಂದ ಅಕ್ಕಿ ಬರಲಿಲ್ಲ, ಮಳೆ ಹಿಡಿಯಿತು. ಕೊನೆಗೆ ಅವರ ಜನರಲ್ ಸಾಟೊ ಮೇಲಿನವರ ಆಜ್ಞೆ ಮೀರಿ ಹಿಂದೆ ಸರಿದರು. ಅವರನ್ನು ಹುದ್ದೆಯಿಂದ ತೆಗೆದರು. ಹೋಗುವ ದಾರಿಯಲ್ಲಿ ಹಸಿವು, ಭೇದಿ, ಜ್ವರಕ್ಕೆ ಸತ್ತ ಜಪಾನಿ ಸಿಪಾಯಿಗಳಿಗೆ ಸಮಾಧಿ ಕಲ್ಲೂ ಇಲ್ಲ. ಜೂನ್ 22ಕ್ಕೆ ಇಂಫಾಲದ ರಸ್ತೆ ಮತ್ತೆ ತೆರೆಯಿತು.

ಕಿಸಾಮಾದಿಂದ ಬಂದು ಪೇಟೆಯ ಒಂದು ಚಿಕ್ಕ ಹೋಟೆಲಿನಲ್ಲಿ ಊಟ ಮಾಡಿದೆ. ಅಖುನಿ, ಅಂದರೆ ಹುದುಗಿಸಿದ ಸೋಯಾಬೀನ್ ಹಾಕಿದ ಹೊಗೆ ಹಿಡಿಸಿದ ಹಂದಿ ಮಾಂಸ, ಅನ್ನ, ಹಾಲಿಲ್ಲದ ಲಾಲ್ ಚಾ. ವಾಸನೆ ಜೋರು, ರುಚಿ ಮಾತ್ರ ಬಿಡುವಂಥದ್ದಲ್ಲ.

ನೀವು ಹೋಗುವುದಾದರೆ ಹೊರಗಿನವರು ನಾಗಾಲ್ಯಾಂಡಿಗೆ ಕಾಲಿಡಲು ಬೇಕಾದ ಇನ್ನರ್ ಲೈನ್ ಪರ್ಮಿಟ್ ಮೊದಲೇ ಮಾಡಿಸಿಕೊಳ್ಳಿ. ಭಾನುವಾರ ಬೇಡ, ಊರೆಲ್ಲ ಚರ್ಚಿಗೆ ಹೋಗಿರುತ್ತದೆ, ಅಂಗಡಿ ತೆರೆಯುವುದಿಲ್ಲ. ಸ್ಮಶಾನಕ್ಕೆ ಬಂದವರಲ್ಲಿ ಜಾಸ್ತಿ ಜನ ಟೆನಿಸ್ ಅಂಗಳ ನೋಡಿ ಇಳಿದುಬಿಡುತ್ತಾರೆ. ನೀವು ಇನ್ನೂ ಮೇಲೆ ಹತ್ತಿ. ತುತ್ತತುದಿಯಲ್ಲಿ ಇನ್ನೊಂದು ಸ್ಮಾರಕವಿದೆ. ತಮ್ಮ ತಮ್ಮ ಪದ್ಧತಿಯಂತೆ ದಹನವಾದ 917 ಹಿಂದೂ ಮತ್ತು ಸಿಖ್ ಸೈನಿಕರ ಹೆಸರು ಅಲ್ಲಿವೆ. ಮನೆಯವರು ಬರೆಸಿದ ಸಾಲು ಇಲ್ಲಿ ಕಾಣುವುದಿಲ್ಲ. ಓದುವುದಕ್ಕೆ ಒಂದು ಅರ್ಧ ಗಂಟೆ ಇಟ್ಟುಕೊಳ್ಳಿ.