ಗ್ರಾಫ್ ಸೊನ್ನೆಯಿಂದ ಎದ್ದರೆ ಮೊದಲು ಇಂಡೆಕ್ಸ್ ನೋಡಿ

ಕೆಆರ್‌ಎಸ್‌ನ ಏಳು ದಿನದ ನೀರಿನ ಮಟ್ಟವನ್ನು ಮ್ಯಾಥ್‌ಕ್ಯಾಡ್ ಎಂಬ ಲೆಕ್ಕದ ತಂತ್ರಾಂಶದ ವರ್ಕ್‌ಶೀಟಿಗೆ ಹಾಕಿ ಗ್ರಾಫ್ ಎಳೆದರೆ ಗೆರೆ 120 ಅಡಿಯ ಆಸುಪಾಸಿನಲ್ಲಿ ಮೆಲ್ಲಗೆ ಏರಬೇಕು. ಹಾಗಾಗದೆ ಸೊನ್ನೆಯಿಂದ ಎದ್ದು ಒಂದೇ ನೆಗೆತಕ್ಕೆ 120 ಮುಟ್ಟಿ, ಆಮೇಲೆ ಚಪ್ಪಟೆ ಮಲಗಿದ್ದರೆ ಅಣೆಕಟ್ಟೆಯ ಅಂಕಿಗಳನ್ನು ಮತ್ತೆ ಮತ್ತೆ ತಾಳೆ ನೋಡಬೇಡಿ. ತಪ್ಪು ಇಂಡೆಕ್ಸಿನಲ್ಲಿದೆ, ಅಂದರೆ ಮನೆಗಳಿಗೆ ಕೊಡುವ ಕ್ರಮಸಂಖ್ಯೆಯಲ್ಲಿ. ಮ್ಯಾಥ್‌ಕ್ಯಾಡ್ ವೆಕ್ಟರಿನ, ಅಂದರೆ ಅಂಕಿಗಳ ಸಾಲಿನ, ಮೊದಲ ಮನೆಯನ್ನು 0 ಎಂದು ಎಣಿಸುತ್ತದೆ. ನಾವು ರೂಢಿಯಂತೆ ಮಟ್ಟ₁ರಿಂದ ಮಟ್ಟ₇ರವರೆಗೆ ತುಂಬುತ್ತೇವೆ. ಖಾಲಿ ಉಳಿದ ಮಟ್ಟ₀ಗೆ ಅದು ಸದ್ದಿಲ್ಲದೆ ಸೊನ್ನೆ ಹಾಕಿಕೊಳ್ಳುತ್ತದೆ. ಏಳು ದಿನವೂ ಮಟ್ಟ 120 ಅಡಿಯೇ ಇದ್ದರೂ ಸರಾಸರಿ ಕೇಳಿದರೆ 105 ಎನ್ನುತ್ತದೆ, ಏಳು ದಿನದ ಮೊತ್ತವನ್ನು ಎಂಟರಿಂದ ಭಾಗಿಸಿರುತ್ತದೆ.

ಪರಿಹಾರ: ಒರಿಜಿನ್ (ORIGIN) ಅನ್ನುವ ಅಂತರ್ಗತ ಬೆಲೆಯನ್ನು ಶೀಟಿನಲ್ಲಿ ಎಲ್ಲಕ್ಕಿಂತ ಮೇಲೆ 1 ಮಾಡಿ, ಇಲ್ಲವೇ ಎಲ್ಲವನ್ನೂ 0ಯಿಂದಲೇ ಎಣಿಸಿ. ನಡುವೆ ಎಲ್ಲೋ ಬದಲಿಸಿದರೆ ಮೇಲಿನ ಸೂತ್ರ ಒಂದು ಲೆಕ್ಕದಲ್ಲಿ, ಕೆಳಗಿನದು ಇನ್ನೊಂದು ಲೆಕ್ಕದಲ್ಲಿ ನಡೆಯುತ್ತದೆ. ಈ ತಂತ್ರಾಂಶ ಶೀಟನ್ನು ಪುಸ್ತಕದಂತೆ ಓದುತ್ತದೆ: ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ. ಗ್ರಾಫಿನ ಕೆಳಗೆ ಬರೆದ ಬೆಲೆ ಆ ಗ್ರಾಫಿಗೆ ಇಲ್ಲದಂತೆಯೇ. ಇಂಥದೇ ಇನ್ನೊಂದು ತಂತ್ರಾಂಶವಾದ ಎಸ್‌ಮ್ಯಾಥ್ ಸ್ಟುಡಿಯೋ 1ರಿಂದಲೇ ಎಣಿಸುವುದರಿಂದ, ಒಂದರಲ್ಲಿ ಬರೆದ ಲೆಕ್ಕವನ್ನು ಇನ್ನೊಂದಕ್ಕೆ ಒಯ್ಯುವಾಗ ಪ್ರತಿ ಇಂಡೆಕ್ಸನ್ನೂ ಕಣ್ಣಿಟ್ಟು ನೋಡಲೇಬೇಕು.

ಇಂಡೆಕ್ಸಿನದೇ ಇನ್ನೊಂದು ತೊಡಕಿದೆ. ಹೆಸರಿನ ಕೆಳಗೆ ಸಣ್ಣದಾಗಿ ಕೂರುವ ಅಕ್ಷರ ಎರಡು ಬಗೆ. ಚೌಕ ಆವರಣದ [ ಕೀಲಿ ಒತ್ತಿ ಬರೆದದ್ದು ವೆಕ್ಟರಿನ ಮನೆಯ ಸಂಖ್ಯೆ. ಹಳೆಯ ಮ್ಯಾಥ್‌ಕ್ಯಾಡ್‌ನಲ್ಲೂ ಎಸ್‌ಮ್ಯಾಥ್‌ನಲ್ಲೂ ಚುಕ್ಕಿ ಒತ್ತಿ ಬರೆದದ್ದು ಬರೀ ಹೆಸರಿನ ಭಾಗ. ಪರದೆಯ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಮೇಲೆ ಬರೆದಿರುವ ಹೆಸರನ್ನೇ ಕೆಳಗೆ ಬಳಸಿದಾಗ ಅದು ಇಲ್ಲವೇ ಇಲ್ಲ ಎಂದು ಕೆಂಪು ತೋರಿಸಿದರೆ, ಕೆಳಗಿನ ಅಕ್ಷರವನ್ನು ಅಳಿಸಿ [ ಒತ್ತಿ ಮತ್ತೆ ಬರೆಯಿರಿ. ದಿಟ್ಟಿಸಿ ನೋಡಿ ವ್ಯತ್ಯಾಸ ಕಂಡುಹಿಡಿಯುವುದಕ್ಕಿಂತ ಇದೇ ಬೇಗ.

ಗ್ರಾಫ್ ಕೆಟ್ಟಾಗ ಎಲ್ಲರ ಕೈ ಮೊದಲು ಹೋಗುವುದು ಗ್ರಾಫಿನ ಸೆಟ್ಟಿಂಗಿಗೆ. ಅಲ್ಲಿ ಸಿಗುವುದು ಕಡಿಮೆ. ಅಕ್ಷದಲ್ಲಿ ಬರೆದ ಆ ಹೆಸರಿನ ಹಿಂದೆ ಇರುವುದೇನು ಎಂದು ಮೊದಲು ಕೇಳಬೇಕು: ಒಂದೇ ಸಂಖ್ಯೆಯೋ, 0..6ರಂಥ ಶ್ರೇಣಿಯೋ, ಕಂಬಸಾಲೋ, ಅಡ್ಡಸಾಲೋ? ಗ್ರಾಫಿನ ಮೇಲುಗಡೆ ಅದೇ ಹೆಸರು ಬರೆದು = ಒತ್ತಿ. ಪಕ್ಕದಲ್ಲೇ ರೋಸ್ (rows), ಕಾಲ್ಸ್ (cols) ಫಂಕ್ಷನ್‌ಗಳಿಂದ ಅಡ್ಡಸಾಲು, ಕಂಬಸಾಲುಗಳ ಎಣಿಕೆ ಕೇಳಿ. ಮುಕ್ಕಾಲು ಪಾಲು ತೊಂದರೆ ಇಲ್ಲೇ ಬಯಲಾಗುತ್ತದೆ.

ಅಣೆಕಟ್ಟೆಯ ಸಂಗ್ರಹವನ್ನೇ ತೆಗೆದುಕೊಳ್ಳೋಣ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಇಡೀ ದಿನ ಹರಿದರೆ 86,400 ಘನ ಅಡಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಒಳಹರಿವು 20,000, ಹೊರಹರಿವು 5,000 ಕ್ಯೂಸೆಕ್ ಇದ್ದ ದಿನ ಉಳಿಯುವುದು 15,000. ಅದನ್ನು 86,400ರಿಂದ ಗುಣಿಸಿದರೆ 1.296 ಟಿಎಂಸಿ. ಕೆಆರ್‌ಎಸ್‌ನ ಪೂರ್ಣ ಸಾಮರ್ಥ್ಯ 49.45 ಟಿಎಂಸಿ ಎಂಬುದು ತಲೆಯಲ್ಲಿದ್ದರೆ ಉತ್ತರ ಹಾದಿ ತಪ್ಪಿದ್ದು ತಕ್ಷಣ ಗೊತ್ತಾಗುತ್ತದೆ. ಕ್ಯೂಸೆಕ್ ಮತ್ತು ಟಿಎಂಸಿ ಎರಡನ್ನೂ ಶೀಟಿನ ಮೊದಲಲ್ಲೇ ಅಡಿ, ಸೆಕೆಂಡುಗಳಿಂದ ಯೂನಿಟ್ಟಾಗಿ ಕಟ್ಟಿಕೊಳ್ಳಿ. ಉತ್ತರ 3.67 ಕೋಟಿ ಎಂದು ಬಂದರೆ ಗಾಬರಿ ಬೇಡ, ಅದು ಘನ ಮೀಟರಿನಲ್ಲಿ ಹೇಳುತ್ತಿದೆ. ಉತ್ತರದ ಪಕ್ಕದ ಯೂನಿಟ್ ಜಾಗದಲ್ಲಿ ಟಿಎಂಸಿ ಎಂದು ಬರೆದರೆ 1.296 ಬರುತ್ತದೆ. ಹಳೆಯ ಮ್ಯಾಥ್‌ಕ್ಯಾಡ್‌ನಲ್ಲಿ ಗ್ರಾಫಿನ ಅಕ್ಷಕ್ಕೆ ಈ ಜಾಗವಿಲ್ಲ. ಅಲ್ಲಿ ಸಂಗ್ರಹವನ್ನು ಟಿಎಂಸಿಯಿಂದ, ಸಮಯವನ್ನು ದಿನದಿಂದ ಭಾಗಿಸಿಯೇ ಎಳೆಯಬೇಕು. ಇಲ್ಲವಾದರೆ ದಿನಗಳ ಅಕ್ಷದಲ್ಲಿ ಲಕ್ಷಗಟ್ಟಲೆ ಸೆಕೆಂಡು ಕೂತಿರುತ್ತವೆ.

ದಿನದಿಂದ ದಿನಕ್ಕೆ ಕೂಡುತ್ತಾ ಹೋಗುವ ಸೂತ್ರದಲ್ಲಿ ನಾಳಿನ ಸಂಗ್ರಹ ಎಂದರೆ ಇಂದಿನ ಸಂಗ್ರಹ, ಅದರ ಜೊತೆಗೆ ಇಂದಿನ ಉಳಿಕೆ. ಏಳು ದಿನದ ಹರಿವು ಕೊಟ್ಟರೆ ಸಂಗ್ರಹದ ವೆಕ್ಟರಿನಲ್ಲಿ ಎಂಟು ಮನೆ ಆಗುತ್ತವೆ, ಆರಂಭದ್ದೂ ಒಂದು ಸೇರುತ್ತದಲ್ಲ. ದಿನಗಳ ವೆಕ್ಟರಿನಲ್ಲಿ ಏಳೇ ಇದ್ದರೆ ಎರಡೂ ಜೋಡಿಯಾಗುವುದಿಲ್ಲ, ಗ್ರಾಫ್ ಕೆಂಪಾಗುತ್ತದೆ. ಕೊನೆಯ ದಿನವನ್ನು ಕತ್ತರಿಸಿ ಸರಿಮಾಡುವ ಚಾಳಿ ಬೇಡ. ದಿನಗಳಿಗೆ ಇನ್ನೊಂದು ಮನೆ ಸೇರಿಸಿ.

ಎಲ್ಲಕ್ಕಿಂತ ಅಪಾಯದ ತಪ್ಪು ಗುಣಾಕಾರದ್ದು, ಏಕೆಂದರೆ ಅಲ್ಲಿ ಕೆಂಪು ಬಣ್ಣವೇ ಬರುವುದಿಲ್ಲ. ವಿಶ್ವೇಶ್ವರಯ್ಯ ನಾಲೆಗೆ ಮೊದಲ ದಿನ 2,000 ಕ್ಯೂಸೆಕ್ 24 ಗಂಟೆ, ಮರುದಿನ 1,500 ಕ್ಯೂಸೆಕ್ 12 ಗಂಟೆ, ಮೂರನೇ ದಿನ 1,000 ಕ್ಯೂಸೆಕ್ 6 ಗಂಟೆ ನೀರು ಬಿಟ್ಟರು ಎಂದುಕೊಳ್ಳಿ. ಹರಿವಿನದೊಂದು ಕಂಬಸಾಲು, ಗಂಟೆಗಳದೊಂದು ಕಂಬಸಾಲು. ಎರಡನ್ನೂ ಗುಣಿಸಿದರೆ ದಿನಕ್ಕೊಂದರಂತೆ ಮೂರು ಉತ್ತರ ಬರಬೇಕು: 17.28 ಕೋಟಿ, 6.48 ಕೋಟಿ, 2.16 ಕೋಟಿ ಘನ ಅಡಿ. ಮ್ಯಾಥ್‌ಕ್ಯಾಡ್ ಕೊಡುವುದು ಒಂದೇ: 25.92 ಕೋಟಿ. ಎರಡು ಕಂಬಸಾಲುಗಳ ನಡುವಿನ ಗುಣಾಕಾರವನ್ನು ಅದು ಡಾಟ್ ಪ್ರಾಡಕ್ಟ್ ಎಂದೇ ತಿಳಿಯುತ್ತದೆ, ಅಂದರೆ ಜೋಡಿ ಜೋಡಿ ಗುಣಿಸಿ ಕೂಡಿಬಿಡುತ್ತದೆ. ಒಟ್ಟು ನೀರಿನ ಲೆಕ್ಕ ಸರಿಯಾಗಿಯೇ ಇರುವುದರಿಂದ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ, ದಿನವಾರು ಗ್ರಾಫ್ ಎಳೆಯುವಾಗ ಮಾತ್ರ ಕೈಕೊಡುತ್ತದೆ. ಮನೆಗೆ ಮನೆ ಗುಣಿಸಬೇಕಾದರೆ ಇಡೀ ಗುಣಾಕಾರವನ್ನು ಆಯ್ದು ಅದರ ತಲೆಯ ಮೇಲೆ ವೆಕ್ಟರೈಸ್ ಬಾಣ ಹಾಕಬೇಕು. ಹಳೆಯ ಮ್ಯಾಥ್‌ಕ್ಯಾಡ್‌ನಲ್ಲಿ ಕಂಟ್ರೋಲ್ ಹಿಡಿದು ಮೈನಸ್ ಒತ್ತಿದರೆ ಆಯಿತು, ಅದರ ಹೊಸ ರೂಪವಾದ ಪ್ರೈಮ್‌ನಲ್ಲಿ ಆಪರೇಟರ್‌ಗಳ ಪಟ್ಟಿಯಿಂದ ತೆಗೆದುಕೊಳ್ಳಿ. ಬಾಣ ಎಲ್ಲಿಯವರೆಗೆ ಚಾಚಿದೆ ಎಂಬುದನ್ನೂ ನೋಡಿಕೊಳ್ಳಿ. ಗರಿಷ್ಠ ಬೆಲೆ ಹುಡುಕುವ ಮ್ಯಾಕ್ಸ್ ಅದರ ನೆರಳಿಗೆ ಸಿಕ್ಕಿದರೆ ಪ್ರತಿ ಮನೆಯ ಗರಿಷ್ಠವನ್ನು ಬಿಡಿಬಿಡಿಯಾಗಿ ಹುಡುಕಿ, ಕೊಟ್ಟದ್ದನ್ನೇ ವಾಪಸು ಕೊಡುತ್ತದೆ.

ಶ್ರೇಣಿ ಮತ್ತು ವೆಕ್ಟರ್ ಒಂದೇ ಅಲ್ಲ. 0..6 ಎಂದು ಬರೆದದ್ದು ಪರದೆಯಲ್ಲಿ ಉದ್ದಕ್ಕೆ ಸಾಲಾಗಿ ಕಂಡರೂ ಅದರೊಳಗಿನ ಮೂರನೇ ಬೆಲೆಯನ್ನು ಇಂಡೆಕ್ಸಿನಿಂದ ಎತ್ತಿಕೊಳ್ಳಲು ಆಗುವುದಿಲ್ಲ. ಅರ್ಧರ್ಧ ದಿನದ ಹೆಜ್ಜೆ ಬೇಕಿದ್ದರೆ 0, 0.5..6 ಎನ್ನಬೇಕು. ಅಲ್ಲಿನ 0.5 ಹೆಜ್ಜೆಯಲ್ಲ, ಎರಡನೇ ಬೆಲೆ. 10ರಿಂದ ಶುರುವಾಗುವ ಶ್ರೇಣಿಗೆ 10, 10.5..16 ಎನ್ನದೆ 10, 0.5..16 ಎಂದು ಬರೆದು ಕೆಡಿಸಿಕೊಳ್ಳುವವರು ಬಹಳ. ಗ್ರಾಫಿನಲ್ಲಿ ಎರಡೂ ಅಕ್ಷಕ್ಕೆ ಪೂರ್ತಿ ವೆಕ್ಟರ್ ಕೊಡಿ, ಇಲ್ಲವೇ ಎರಡಕ್ಕೂ ಒಂದೇ ಇಂಡೆಕ್ಸ್ ಹಾಕಿದ ರೂಪ ಕೊಡಿ. ಬೆರೆಸಬೇಡಿ. ಎಸ್‌ಮ್ಯಾಥ್‌ನಲ್ಲಿ ದಾರಿ ಬೇರೆ: ಎರಡು ಕಂಬಸಾಲುಗಳನ್ನು ಆಗ್ಮೆಂಟ್ (augment) ಫಂಕ್ಷನ್‌ನಿಂದ ಒಂದೇ ಮಾತೃಕೆ ಮಾಡಿ ಗ್ರಾಫಿಗೆ ಕೊಡಬೇಕು.

ಗ್ರಾಫ್ ಪೂರ್ತಿ ಖಾಲಿ, ಆದರೆ ದೋಷದ ಸೂಚನೆಯೂ ಇಲ್ಲವೇ? ಫಂಕ್ಷನ್ನಿನ ಚಲಾಕ್ಷರಕ್ಕೆ ಮೇಲೆಲ್ಲೋ ಒಂದೇ ಬೆಲೆ ಕೊಟ್ಟಿರುತ್ತೀರಿ. ಆಗ ಸಿಗುವುದು ಒಂದೇ ಬಿಂದು, ಒಂದು ಬಿಂದುವಿಗೆ ಗೆರೆ ಎಲ್ಲಿಂದ ಬಂದೀತು? ಹೆಸರು ಬದಲಿಸಿ.

ಇನ್ನು ದಿಕ್ಕುಳ್ಳ ವೆಕ್ಟರ್. ನಂಜನಗೂಡಿನ ತೇರನ್ನು ನೆನೆಯಿರಿ. ಒಂದು ಹಗ್ಗ ಬೀದಿಯ ನೇರಕ್ಕೆ 20 ಡಿಗ್ರಿ ಎಡಕ್ಕೆ 3 ಕಿಲೋನ್ಯೂಟನ್, ಇನ್ನೊಂದು 35 ಡಿಗ್ರಿ ಬಲಕ್ಕೆ 2 ಕಿಲೋನ್ಯೂಟನ್ ಎಳೆಯುತ್ತಿವೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಬೀದಿಯುದ್ದಕ್ಕೆ 2.819 ಮತ್ತು 1.638, ಸೇರಿ 4.457. ಅಡ್ಡಕ್ಕೆ, ಎಡವನ್ನು ಪ್ಲಸ್ ಎಂದುಕೊಂಡು, 1.026ರಲ್ಲಿ 1.147 ಕಳೆದರೆ ಮೈನಸ್ 0.121. ಒಟ್ಟು ಬಲ 4.459 ಕಿಲೋನ್ಯೂಟನ್, ಕೋನ ಮೈನಸ್ 1.56 ಡಿಗ್ರಿ. ತೇರು ಹೆಚ್ಚುಕಡಿಮೆ ನೇರವಾಗಿಯೇ ಸಾಗುತ್ತದೆ.

ಡಿಗ್ರಿ ಯೂನಿಟ್ ಹಾಕದೆ ಬರೀ 20, 35 ಎಂದು ಬರೆದರೆ ಅವು ರೇಡಿಯನ್. ಆಗ ಬೀದಿಯುದ್ದದ ಮೊತ್ತ ಮೈನಸ್ 0.58 ಆಗಿ ತೇರು ಹಿಂದಕ್ಕೆ ಹೊರಡುತ್ತದೆ. ಕೋನ ಪಡೆಯುವ ಎಟ್ಯಾನ್2ಗೆ ಮ್ಯಾಥ್‌ಕ್ಯಾಡ್‌ನಲ್ಲಿ ಮೊದಲು ಎಕ್ಸ್, ಆಮೇಲೆ ವೈ. ಪೈಥಾನ್, ಮ್ಯಾಟ್‌ಲ್ಯಾಬ್‌ಗಳಲ್ಲಿ ಮೊದಲು ವೈ. ಅಲ್ಲಿಯ ರೂಢಿಯನ್ನು ಇಲ್ಲಿಗೆ ತಂದರೆ 91.56 ಡಿಗ್ರಿ ಬಂದು ತೇರು ಪಕ್ಕದ ಮನೆಗಳತ್ತ ತಿರುಗುತ್ತದೆ.

ಎರಡೂ ಹಗ್ಗವನ್ನು ತುದಿಗೆ ಬುಡ ಸೇರಿಸಿ ಎಳೆಯಲು ಎಕ್ಸ್ ಅಕ್ಷಕ್ಕೆ 0, 2.819, 4.457 ಮತ್ತು ವೈ ಅಕ್ಷಕ್ಕೆ 0, 1.026, ಮೈನಸ್ 0.121 ಎಂಬ ಕಂಬಸಾಲು ಕೊಡಿ. ಒಟ್ಟು ಬಲಕ್ಕೆ ಬೇರೆ ಗೆರೆ: ಸೊನ್ನೆಯಿಂದ ಕೊನೆಯ ಬಿಂದುವಿಗೆ. ಎರಡೂ ಅಲ್ಲೇ ಕೂಡಿದರೆ ಕೂಡಿಕೆ ಸರಿ. ಆದರೆ ಅಕ್ಷದ ಮಿತಿಯನ್ನು ತಂತ್ರಾಂಶಕ್ಕೇ ಬಿಟ್ಟರೆ ಅದು ವೈ ಅಕ್ಷವನ್ನು ಹಿಗ್ಗಿಸುತ್ತದೆ. ಮಿತಿಗಳು ಬಿಂದುಗಳಿಗೆ ಬಿಗಿಯಾಗಿ ಕೂತ ಚೌಕ ಗ್ರಾಫಿನಲ್ಲಿ 20 ಡಿಗ್ರಿಯ ಹಗ್ಗ 55 ಡಿಗ್ರಿಯಷ್ಟು ಕಡಿದಾಗಿ ಕಾಣುತ್ತದೆ. ಗ್ರಾಫನ್ನು ಚೌಕ ಮಾಡಿ, ಎಕ್ಸ್‌ಗೆ 0ಯಿಂದ 5, ವೈಗೆ ಮೈನಸ್ 2.5ರಿಂದ 2.5 ಎಂದು ಕೈಯಾರೆ ಬರೆಯಿರಿ. ಆಗ ಹಾಳೆಯ ಮೇಲೆ ಕೋನಮಾಪಕ ಇಟ್ಟರೂ 20 ಡಿಗ್ರಿಯೇ ಸಿಗುತ್ತದೆ.