ಎಡಗೈ ಕೆಳಗೆ

ಇವತ್ತು ಬೆಳಿಗ್ಗೆ ಪಿಲಿಕುಳದ ಗಾಲ್ಫ್ ಮೈದಾನದಲ್ಲಿ ಮಾವ ಪಟರ್ (ಚೆಂಡನ್ನು ಮೆಲ್ಲಗೆ ಗುಂಡಿಗೆ ಉರುಳಿಸುವ ಕೋಲು) ಹಿಡಿದ ರೀತಿ ನೋಡಿ ನಿಂತುಬಿಟ್ಟೆ. ಬಲಗೈ ಮೇಲೆ, ಎಡಗೈ ಕೆಳಗೆ. ಪೂರ್ತಿ ಉಲ್ಟಾ.

ದೂರದ ಹೊಡೆತದಲ್ಲಿ ಅವರಿಗೆ ತೊಂದರೆಯೇ ಇಲ್ಲ. ಗುಂಡಿ ಮೂರಡಿ ದೂರದಲ್ಲಿದ್ದಾಗಲೇ ಕಷ್ಟ. ಪಟರ್ ಚೆಂಡಿಗೆ ತಾಗುವ ಹೊತ್ತಿಗೆ ಬಲ ಮಣಿಕಟ್ಟು ಚಕ್ಕನೆ ಎಳೆಯುತ್ತದೆ. ಅವರು ಎಳೆಯುವುದಲ್ಲ, ಅದೇ ಎಳೆಯುವುದು. ಗಾಲ್ಫ್ ಆಡುವವರು ಇದಕ್ಕೆ ಯಿಪ್ಸ್ ಅಂತಾರೆ. ಅದನ್ನು ತಪ್ಪಿಸಲೆಂದೇ ಈ ಉಲ್ಟಾ ಹಿಡಿತ.

"ಧೈರ್ಯ ಸಾಲದು" ಅಂತ ಸುಮ್ನೆ ಹೇಳಿಬಿಡುವವರನ್ನು ಕಂಡರೆ ನನಗೆ ಬೇಜಾರು. ಹೆದರಿಕೆಯಿಂದ ಬರುವುದೂ ಉಂಟು. ಆದರೆ ಕೆಲವರಲ್ಲಿ ಅದು ನರಗಳದ್ದೇ ತೊಂದರೆ, ಒಂದೇ ಚಲನೆಯನ್ನು ವರ್ಷಗಟ್ಟಲೆ ಮಾಡಿದ ಕೈಗೆ ಬರುವಂಥದ್ದು.

ಜರ್ಮನಿಯ ಗಾಲ್ಫ್ ಆಟಗಾರ ಬರ್ನ್‌ಹಾರ್ಡ್ ಲ್ಯಾಂಗರ್‌ಗೂ ಇದು ಮತ್ತೆ ಮತ್ತೆ ಬಂತು. ಅವರು ಹಿಡಿತ ಬದಲಿಸುತ್ತಾ ಹೋದರು. 1985ರಲ್ಲಿ ಗಾಲ್ಫ್‌ನ ದೊಡ್ಡ ಪಂದ್ಯಾವಳಿ ಮಾಸ್ಟರ್ಸ್ ಗೆದ್ದರು, 1993ರಲ್ಲಿ ಇನ್ನೊಮ್ಮೆ. ಎಂಥ ಹಠ ಅಲ್ವಾ ಮಾರಾಯ್ರೆ!

ಮಾವನ ಚೆಂಡು ಇವತ್ತೂ ಕೆಲವು ಸಲ ಗುಂಡಿಯ ಅಂಚಿಗೆ ತಾಗಿ ಹೊರಗೆ ಹೋಯಿತು. ಆದರೆ ಮಣಿಕಟ್ಟು ಅಲ್ಲಾಡಲಿಲ್ಲ. ನನಗೆ ಅದೇ ದೊಡ್ಡದು. ಈ ವಯಸ್ಸಿನಲ್ಲಿ ಕೈಗೆ ಮೊದಲಿನಿಂದ ಕಲಿಸಲು ಹೊರಟಿದ್ದಾರಲ್ಲ, ಅವರ ಮೇಲೆ ಗೌರವ ಇನ್ನೂ ಜಾಸ್ತಿಯಾಯಿತು. ಮುಂದೆ ಚಿಪ್ಪಿಂಗ್‌ಗೂ (ಹತ್ತಿರದಿಂದ ಚೆಂಡನ್ನು ಸ್ವಲ್ಪ ಎತ್ತಿ ಹೊಡೆಯುವುದು) ಹೀಗೇ ಏನಾದರೂ ನೋಡುತ್ತಾರಂತೆ. ಚೆಂಡು ಹೆಕ್ಕಿ ಕೊಡಲು ನಾನಿದ್ದೇನೆ.