ಗರಗಸದ ಪಾಠ

ಹೊಸ ಟೀಚರ್ ಅಂದರೆ ಸಾಕು, "ನಿಮ್ಮ ಶಿಕ್ಷಣ ತತ್ವ ಏನು?" ಅಂತ ಯಾರಾದರೂ ಕೇಳುತ್ತಾರೆ. ಡಿ.ಎಡ್ ಓದುವಾಗ ಪುಟಗಟ್ಟಲೆ ಬರೆದಿದ್ದೆ. ಈಗ ಕೇಳಿದರೆ ಒಂದೇ ಮಾತು: ಮಗುವಿಗೆ ಓದಿನ ರುಚಿ ಬೇಗ ಹತ್ತಬೇಕು.

ನನಗೆ ಸಿಕ್ಕಿರುವುದು ನಲಿ-ಕಲಿ ತರಗತಿ, ಅಂದರೆ ಮಕ್ಕಳು ಕಲಿಕೆಯ ಕಾರ್ಡುಗಳನ್ನು ಒಂದೊಂದಾಗಿ ಮುಗಿಸುತ್ತಾ ತಮ್ಮದೇ ವೇಗದಲ್ಲಿ ಕಲಿಯುವ ಸರ್ಕಾರಿ ಶಾಲೆಯ ಕ್ಲಾಸು. ಒಂದರಿಂದ ಮೂರನೇ ಕ್ಲಾಸಿನವರೆಲ್ಲ ಒಂದೇ ಕೋಣೆಯಲ್ಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಇಲ್ಲಿ ಅ ಆ ಇ ಈ ಅಂತ ವರ್ಣಮಾಲೆ ಹಿಡಿದು ಹೋಗುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಬರೀ ಐದು ಅಕ್ಷರ! ಆದರೆ ಅಷ್ಟರಲ್ಲೇ ಸರ, ಅರಸ, ಅಗಸ, ದಸರ, ಗರಗಸ ಎಲ್ಲ ಓದಬಹುದು. ಇಡೀ ವರ್ಣಮಾಲೆ ಬಾಯಿಪಾಠ ಆಗುವವರೆಗೆ ಕಾಯಬೇಕಿಲ್ಲ.

ಒಂದನೇ ಕ್ಲಾಸಿನ ಹುಡುಗನೊಬ್ಬ ಕಾರ್ಡಿನ ಮೇಲೆ ಬೆರಳಿಟ್ಟು, ಗ... ರ... ಗ... ಸ... ಅಂತ ಕೂಡಿಸಿದ. ಒಂದು ಕ್ಷಣ ಸುಮ್ಮನಾದ. ಆಮೇಲೆ "ಮಿಸ್, ಇದು ನಮ್ಮಪ್ಪನ ಹತ್ರ ಐತೆ!" ಅಂತ ಕಿರುಚಿದ. ಪಕ್ಕದ ಮೂರನೇ ಕ್ಲಾಸಿನ ಹುಡುಗಿ ತಿದ್ದಿದ್ದು ನೋಡಬೇಕಿತ್ತು: "ಕಿರುಚಬೇಡ, ಮುಂದಿನ ಕಾರ್ಡ್ ತಗೋ."

ಗದ್ದಲ ಜಾಸ್ತಿ, ನಿಜ. ದಾಖಲೆ ಬರೆಯುವ ಕೆಲಸವಂತೂ ಇನ್ನೂ ಜಾಸ್ತಿ. ಆದರೂ ಸಾಲಾಗಿ ಕೈಕಟ್ಟಿ ಕೂತ ಕ್ಲಾಸು ನನಗಂತೂ ಬೇಡ. ನಾಳೆ ಜ, ವ, ಮ ಶುರು.